ಶ್ಯಾಮಣ್ಣನ ಓವನ್ನು ರಾಜ್ಯ ದಾಟಿದ ಪ್ರಸಂಗ

ಒಂದು ಬನ್ನು ಬೇಯೋಕೆ ಹದಿನೆಂಟು ನಿಮಿಷ ಸಾಕು. ಆ ಬನ್ನು ಬೇಯಿಸಬಹುದು ಅಂತ ಸರ್ಕಾರ ಕೊಡೋ ಕಾಗದ ಬೇಯೋಕೆ ಎಷ್ಟು ದಿನ ಬೇಕು ಅಂತ ನನ್ನನ್ನು ಕೇಳಿ, ಹೇಳ್ತೀನಿ. ಬೇರಿಕೆ ಬಸ್‌ಸ್ಟ್ಯಾಂಡ್ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಕೊಂಡಿರೋ ರಾಮಮೂರ್ತಿ ನಾನೇ. ಈ ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಮದುವೆ, ಯಾರ ಜಮೀನು ಪಾಲಾಗ್ತಿದೆ, ಯಾರ ಆಧಾರ್ ಕಾರ್ಡಲ್ಲಿ ಅಪ್ಪನಿಗಿಂತ ಮಗ ದೊಡ್ಡೋನಾಗಿದಾನೆ, ಎಲ್ಲಾ ಮೊದಲು ನನ್ನ ಮಿಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದ ಮೇಲೇ ಊರಿಗೆ ಗೊತ್ತಾಗೋದು. ಅಂಥ ನನಗೇ ಶ್ಯಾಮಣ್ಣನ ಫೈಲು ತಲೆ ತಿರುಗಿಸಿಬಿಡ್ತು.

ಶ್ಯಾಮಣ್ಣ ನಮ್ಮೂರಿನವನೇ, ನಮ್ಮ ಬೀದಿಯವನೇ. ಊರು ಬೇರಿಕೆಯಿಂದ ಮೂರು ಮೈಲಿ, ತಮಿಳುನಾಡಿಗೆ ಸೇರಿದ್ದು, ಕರ್ನಾಟಕದ ಗಡಿಗೆ ಅಂಟಿಕೊಂಡೇ ಇದೆ. ನಮ್ಮ ಕೋಳಿ ಬೆಳಿಗ್ಗೆ ತಮಿಳುನಾಡಲ್ಲಿ ಕೂಗಿ ಮಧ್ಯಾಹ್ನ ಕರ್ನಾಟಕದಲ್ಲಿ ಮೇದು ಬರುತ್ತೆ. ಶ್ಯಾಮಣ್ಣ ಹೊಸೂರಿನ ಒಂದು ಕಾರ್ಖಾನೆ ಕ್ಯಾಂಟೀನಲ್ಲಿ ಇಪ್ಪತ್ತೆರಡು ವರ್ಷ ಟೀ ಗಾಡಿ ತಳ್ಳಿ ಹೋದ ವರ್ಷ ಬಿಟ್ಟು ಬಂದ. ಊರಲ್ಲಿ ಮಾತ್ರ "ನಾನು ಕಂಪ್ನೀಲಿ ಫುಡ್ ಡಿಪಾರ್ಟ್‌ಮೆಂಟು" ಅಂತ ಹೇಳ್ಕೊಳ್ತಾನೆ. ಸುಳ್ಳೇನಲ್ಲ ಬಿಡಿ.

ನಿಜವಾದ ಕೆಲಸಗಾತಿ ಅವನ ಹೆಂಡತಿ ಚಂದ್ರಲೇಖಾ. ಹೊಸೂರು ಹತ್ರದ ಆಲಸನತ್ತಂನಲ್ಲಿ ಯಾರದೋ ಬೇಕರಿಯಲ್ಲಿ ಹನ್ನೆರಡು ವರ್ಷ ಹಿಟ್ಟು ನಾದಿದಾಳೆ. ಅವಳ ಬೆಣ್ಣೆ ಬನ್ನು ತಿಂದೋರು ಎರಡನೇದಕ್ಕೆ ಕೈ ಚಾಚದೇ ಎದ್ದಿದ್ದನ್ನು ನಾನು ಕಂಡಿಲ್ಲ. "ಇನ್ನೊಬ್ಬರ ಹಿಟ್ಟು ಎಷ್ಟು ದಿನ ಅಂತ ನಾದಲಿ, ನಂದೂ ಅಂತ ಒಂದು ಓವನ್ ಬೇಕು" ಅಂತ ಹಠ ಹಿಡಿದು ಮನೆ ಪಕ್ಕ ಶೆಡ್ಡು ಹಾಕಿಸಿದಳು, ಇಟ್ಟಿಗೆ ಓವನ್ನು ಕಟ್ಟಿಸಿದಳು. ಶ್ಯಾಮಣ್ಣನ ಹಳೇ ಕ್ಯಾಂಟೀನಿನವರು ದಿನಕ್ಕೆ ನಾನೂರು ಬನ್ನು ತಗೋತೀವಿ ಅಂದರು. ಒಂದೇ ಷರತ್ತು. ಒಂದನೇ ತಾರೀಖಿನೊಳಗೆ ಲೈಸೆನ್ಸು ತೋರಿಸಬೇಕು, ಇಲ್ಲದಿದ್ರೆ ಆರ್ಡರು ಬೇರೆಯವರಿಗೆ ಹೋಗುತ್ತೆ. ಆಗಿನ್ನೂ ಇಪ್ಪತ್ಮೂರು ದಿನ ಇತ್ತು.

ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. ನಾನು ಕಂಪ್ಯೂಟರಲ್ಲಿ ನೋಡಿ ಹೇಳಿದೆ. "ಶ್ಯಾಮಣ್ಣ, ಸಣ್ಣ ವ್ಯಾಪಾರದೋರಿಗೆ ಅಂತ ಒಂದು ರಿಜಿಸ್ಟ್ರೇಷನ್ ಐತೆ. ಒಂದು ಫೋಟೋ, ಒಂದು ಆಧಾರ್, ಮುಗೀತು. ವಾರದಲ್ಲಿ ಕೈಗೆ ಬತ್ತದೆ."

"ಅದೇ ಹಾಕಣ್ಣ, ಪುಣ್ಯ ಬರ್ಲಿ" ಅಂದಳು ಚಂದ್ರಲೇಖಾ.

ಶ್ಯಾಮಣ್ಣ ಪರದೆ ಹತ್ರ ಬಗ್ಗಿ ಓದಿದ, ಓದಿ ಸೆಟೆದು ನಿಂತ. "ಸಣ್ಣ ವ್ಯಾಪಾರ ಅಂದ್ರೆ ಯಾರ್ಲಾ? ಬೋಂಡಾ ಗಾಡಿಯೋರು. ನಾನು ಇಪ್ಪತ್ತೆರಡು ವರ್ಷ ಕಂಪ್ನೀಲಿ ಇದ್ದೋನು ಕಣ್ಲಾ! ನಾನು ಸಣ್ಣೋನು ಅಂತ ಸರ್ಕಾರದೋರ ಕೈಲೇ ಬರೆಸ್ಕೊಂಡು ಗೋಡೆಗೆ ನೇತಾಕ್ಲಾ? ನಾಳೆ ಬೀಗರು ಬಂದು ಓದಿದ್ರೆ?"

"ಬೀಗರು ಓದೋಕೆ ಬರಾಕಿಲ್ಲ, ತಿನ್ನೋಕೆ ಬತ್ತಾರೆ" ಅಂದವಳೇ ಚಂದ್ರಲೇಖಾ, ಮೈದಾ ಮೂಟೆ ಬರೋ ಹೊತ್ತಾಯ್ತು ಅಂತ ಬಸ್ ಹಿಡಿದು ಹೋದಳು.

ಅವಳ ಬೆನ್ನು ತಿರುಗೋದೇ ತಡ, ಶ್ಯಾಮಣ್ಣ ಪರದೆ ಮೇಲೆ ಬೆರಳಿಟ್ಟ. "ಅದರ ಕೆಳಗಿಂದು ಒತ್ತು."

ಕೆಳಗಿನದು ದೊಡ್ಡ ತಯಾರಕರಿಗೆ ಕೊಡೋ ಲೈಸೆನ್ಸು. "ಬ್ಯಾಡ ಅಣ್ಣಾ, ಅದಕ್ಕೆ ಕಾಗದ ಜಾಸ್ತಿ" ಅಂದೆ.

"ಕಾಗದಕ್ಕೆ ಹೆದ್ರೋ ಮಗನೇನ್ಲಾ ನಾನು?"

ಒತ್ತಿದೆ. ನಾನು ಒಂದು ಸಲ ಬೇಡ ಅಂದಿದೀನಿ, ಅದಕ್ಕೆ ದೇವರೇ ಸಾಕ್ಷಿ. ಎರಡನೇ ಸಲ ಬೇಡ ಅನ್ನೋಕೆ ನಾನೇನು ಅವನ ಸ್ವಂತ ತಮ್ಮನಾ? ಝೆರಾಕ್ಸ್ ಅಂಗಡಿಯವನು.

ಪ್ರಿಂಟರು ಮೂರು ಪುಟದ ಪಟ್ಟಿ ಉಗುಳಿತು. ನೀರಿನ ಪರೀಕ್ಷೆ, ಪಂಚಾಯ್ತಿ ಒಪ್ಪಿಗೆ, ಕೆಲಸದವರಿಗೆಲ್ಲಾ ಡಾಕ್ಟರ ಸರ್ಟಿಫಿಕೇಟು, ಕಟ್ಟಡದ ಪ್ಲಾನು, ಆ ಪ್ಲಾನು ಇರೋ ಜಾಗ ನಿಮ್ಮದೇ ಅಂತ ಸರ್ವೇಯರ್ ಸಹಿ ಹಾಕಿದ ನಕ್ಷೆ. ಎಷ್ಟು ಜನ ಕೆಲಸದವರು ಅನ್ನೋ ಕಾಲಮ್ಮಿಗೆ ಬಂದಾಗ ಶ್ಯಾಮಣ್ಣ ತಲೆ ಕೆರೆದುಕೊಂಡ. "ಇಬ್ಬರು ಅಂದ್ರೆ ಮರ್ವಾದಿ ಇರಾಕಿಲ್ಲ. ನಮ್ಮವ್ವನ್ನೂ ಸೇರ್ಸು. ಕ್ವಾಲಿಟಿ ಕಂಟ್ರೋಲು ಅಂತ ಬರಿ."

ಅವರವ್ವ ನಾರಾಯಣಮ್ಮನಿಗೆ ಎಪ್ಪತ್ತಾರು ವರ್ಷ. ಕ್ವಾಲಿಟಿ ಕಂಟ್ರೋಲಿಗೆ ಸರ್ಟಿಫಿಕೇಟು ಬೇಕಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋದ. ಡಾಕ್ಟರು ಎದೆಗೆ ಟ್ಯೂಬಿಟ್ಟು "ಪಾಟಿ, ಇರುಮಲ್ ಇರುಕ್ಕಾ?" ಅಂತ ತಮಿಳಲ್ಲಿ ಕೇಳಿದರು. "ಕೆಮ್ಮು ನಂಗ್ಯಾಕಪ್ಪಾ ಬತ್ತದೆ, ನಾನು ದೇವರ ಪೂಜೆ ಮಾಡೋಳು. ನಿಂಗೇನಾದ್ರೂ ಐತಾ? ಇದ್ರೆ ವಿಭೂತಿ ಕೊಡ್ತೀನಿ ಬಾ" ಅಂತ ಇವಳೇ ಡಾಕ್ಟರ ಹಣೆ ಮುಟ್ಟಿ ನೋಡಿದಳು. ಅವಳು ಪಾಸಾದಳು. ಶ್ಯಾಮಣ್ಣನಿಗೆ ಮಾತ್ರ ಬಿಪಿ ಇದೆ ಅಂತ ಗೊತ್ತಾಯ್ತು.

ದೇವರ ಪೂಜೆ ಅಂದಳಲ್ಲ, ಅದನ್ನು ಇಲ್ಲೇ ಹೇಳಿಬಿಡ್ತೀನಿ. ನಮ್ಮೂರ ಪೂರ್ವಕ್ಕೆ ಹುಣಸೆಮರದ ಬಯಲಲ್ಲಿ ಮುನೇಶ್ವರಸ್ವಾಮಿ ಇದ್ದ. ಮೊಳದುದ್ದದ ಕಲ್ಲು. ತಲೆಮಾರುಗಳಿಂದ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಕರ್ರಗೆ ಮಿಂಚ್ತಿದ್ದ. ನಾರಾಯಣಮ್ಮ ಮನೆಗೆ ಬಂದ ಸೊಸೆ ಚಂದ್ರಲೇಖಾ ಕೈಲಿ ಬಿಂದಿಗೆ ಹೊರಿಸಿಕೊಂಡು, ಮುಳ್ಳುಕಂಟಿ ತುಳ್ಕೊಂಡು, ದಿನಾ ಅಲ್ಲಿಗೆ ಹೋಗಿ ಪೂಜೆ ಮಾಡಿ ಬರೋಳು. ಹನ್ನೊಂದು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ನೋಡ್ತೀವಿ, ಸ್ವಾಮಿ ಬಯಲಲ್ಲಿ ಇಲ್ಲ! ನಾರಾಯಣಮ್ಮನ ಮನೆ ಪಕ್ಕ, ಆಗ್ನೇಯ ಮೂಲೆಯಲ್ಲಿ, ಆರಾಮಾಗಿ ಕೂತಿದಾನೆ. "ಸ್ವಾಮಿ ನಡ್ಕೊಂಡು ಬಂದವ್ನೆ ಕಣ್ರಪ್ಪೋ!" ಅಂತ ನಾರಾಯಣಮ್ಮ ಕೂಗಿದ್ದು ಆ ಕಡೆ ಮಾಲೂರು ರಸ್ತೆಯವರೆಗೂ ಕೇಳಿಸ್ತಂತೆ. ಊರಿಗೆ ಊರೇ ಬಂದು ಕಾಯಿ ಒಡೀತು, ನಾನೂ ಒಡೆದೆ. ಅವತ್ತಿಂದ ಅಮಾವಾಸ್ಯೆಗೆ ಎರಡೂ ರಾಜ್ಯದಿಂದ ಜನ ಬರ್ತಾರೆ, ನಾರಾಯಣಮ್ಮನೇ ಪೂಜಾರಿ. ಈಗ ಬೇಕರಿ ಶೆಡ್ಡು ಹಾಕುವಾಗ ಸ್ವಾಮೀನ ಕದಲಿಸಬಾರದು ಅಂತ ಅವನ ಸುತ್ತಲೇ ಗೋಡೆ ಎಬ್ಬಿಸಿದರು. ಹಿಂಗಾಗಿ ಮುನೇಶ್ವರ ಶೆಡ್ಡಿನ ನಟ್ಟನಡುವೆ ಬಂದ. ಅವನ ಈ ಕಡೆ ಹಿಟ್ಟು ನಾದೋ ಮೇಜು, ಆ ಕಡೆ ಓವನ್ನು.

ಹತ್ತು ದಿನ ಓಡಾಡಿಸಿದ ಮೇಲೆ ಸರ್ವೇಯರ್ ಬಂದ. ಹೆಸರು ಕುಮಾರೇಶ್. ಕೃಷ್ಣಗಿರಿ ಕಡೆಯ ತಮಿಳು ಹುಡುಗ, ಕಡ್ಡಿ ಹಂಗಿದ್ದ. ಆದರೆ ಕಾಗದ ಬಿಚ್ಚಿದರೆ ಕಲೆಕ್ಟರ್ ಗತ್ತು. ಹಳೇ ನಕ್ಷೆಯೊಂದನ್ನು ಮೇಜಿನ ಮೇಲೆ ಹಾಸಿದ. ಎಷ್ಟು ವರ್ಷ ಮಡಿಸಿಟ್ಟಿದ್ದರೋ, ಮಡಿಕೆ ಬಿದ್ದ ಕಡೆಯೆಲ್ಲಾ ಅಳತೆ ಅಳಿಸಿಹೋಗಿತ್ತು.

"ಅಳತೆ ಕಾಣ್ಸಲ್ಲ ಸಾರ್, ಪರವಾಗಿಲ್ಲಾ?" ಅಂದ ಶ್ಯಾಮಣ್ಣ.

"ಪರವಾಯಿಲ್ಲಿಂಗ. ಕಲ್ಲು ಸಿಕ್ಕಿದ್ರೆ ಸಾಕು. ಮೂವತ್ತೊಂದನೇ ನಂಬರ್ ಕಲ್ಲು ಎಲ್ಲಿದೆ ಹೇಳಿ, ಅಲ್ಲಿಂದ ಟೇಪ್ ಹಿಡಿಯೋಣ."

ಅಂಥ ಕಲ್ಲು ನಾವು ಯಾರೂ ಕಂಡಿರಲಿಲ್ಲ. ಹೊಲ, ಬದು, ಪೊದೆ ಎಲ್ಲಾ ಹುಡುಕಿ ಮಧ್ಯಾಹ್ನ ಆಯ್ತು. ಚಂದ್ರಲೇಖಾ ಪಾಪ ಅಂತ ಬಿಸಿ ಬನ್ನು ಕೊಟ್ಟಳು. ಕುಮಾರೇಶ್ ಬನ್ನು ಕಚ್ಚಿಕೊಂಡು ಶೆಡ್ಡೊಳಗೆ ಬಂದವನು ಮುನೇಶ್ವರನ ಮುಂದೆ ಕುಕ್ಕರುಗಾಲಲ್ಲಿ ಕೂತ. ಭಕ್ತ ಅಂದುಕೊಂಡು ನಾರಾಯಣಮ್ಮ ಗಂಟೆ ಅಲ್ಲಾಡಿಸಿದಳು.

"ಅಮ್ಮಾ, ಸಾಮಿ ನಾಲ್ಕು ಮೂಲೆನೂ ಚೌಕ ಇದಾರಲ್ಲ?"

"ಹೂಂನಪ್ಪಾ, ನ್ಯಾಯದ ದೇವ್ರು. ಎಲ್ಲಾ ನೇರ" ಅಂದಳು.

"ಒಂದು ಸಲ ಮುಖ ತೊಳೀಬೌದಾ?"

"ನೀನು ಮುಟ್ಟಬ್ಯಾಡ, ನಾನೇ ಅಭಿಷೇಕ ಮಾಡ್ತೀನಿ" ಅಂತ ನಾರಾಯಣಮ್ಮ ಬಿಸಿನೀರು ತಂದಳು, ಸೀಗೆಪುಡಿ ಹಾಕಿ ತಿಕ್ಕಿದಳು. ಅರಿಶಿನದ ಪದರ ಹೋಯ್ತು, ಎಣ್ಣೆ ಜಿಡ್ಡು ಹೋಯ್ತು, ಅದರ ಕೆಳಗೆ ಇನ್ಯಾವುದೋ ಕಾಲದ ಕುಂಕುಮ ಹೋಯ್ತು. ಕಡೆಗೆ ಸ್ವಾಮಿ ಎದೆ ಮೇಲೆ ಉಳಿಯಿಂದ ಕೊರೆದ ಒಂದು ಬಾಣ ಕಾಣಿಸ್ತು.

"ಬಾಣ! ಸ್ವಾಮಿ ಬೇಟೆಗೆ ಹೊಂಟವ್ನೆ!" ಅಂತ ನಾರಾಯಣಮ್ಮ ಕೈ ಮುಗಿದಳು. ನನ್ನ ಮೈಮೇಲೂ ಮುಳ್ಳೆದ್ದವು.

"ಬಾಣ ಇಲ್ಲಿಂಗಮ್ಮ. ಅದು ಸರ್ವೆ ಗುರುತು. ಕೆಳಗೆ ನೋಡಿ, ಮೂವತ್ತೊಂದು." ಕುಮಾರೇಶ್ ಎದ್ದು ನಿಂತು ನಕ್ಷೆ ನೋಡಿದ, ಕಲ್ಲು ನೋಡಿದ, ಕೈಲಿದ್ದ ಬನ್ನು ಮೇಜಿನ ಮೇಲಿಟ್ಟ. "ಇದು ಸ್ಟೇಟ್ ಗಡಿಕಲ್ಲು. ಇದರ ಈ ಕಡೆ ತಮಿಳುನಾಡು, ಆ ಕಡೆ ಕರ್ನಾಟಕ."

ನಾವೆಲ್ಲಾ ಆ ಕಡೆ ನೋಡಿದೆವು. ಓವನ್ನು ಕರ್ನಾಟಕದಲ್ಲಿ ಧಗಧಗ ಅಂತ ಉರೀತಿತ್ತು.

"ಅಂದ್ರೆ ಸಾರ್," ಅಂದ ಶ್ಯಾಮಣ್ಣ, "ಹಿಟ್ಟು ಇಲ್ಲಿ ನಾದ್ತೀವಿ, ಅಲ್ಲಿ ಬೇಯಿಸ್ತೀವಿ, ಆಮ್ಯಾಕೆ ಈ ಕಡೆಗೇ ತತ್ತೀವಿ. ಅದಕ್ಕೇನಾಗ್ತದೆ?"

"ಒಂದೊಂದು ಬನ್ನೂ ಎರಡು ಸಲ ಸ್ಟೇಟ್ ದಾಟುತ್ತೆ. ತಮಿಳುನಾಡು ಲೈಸೆನ್ಸಲ್ಲಿ ಕರ್ನಾಟಕದ ಓವನ್ ಉರಿಸೋ ಹಂಗಿಲ್ಲ. ನಾನು ಸಹಿ ಹಾಕಲ್ಲ."

ಇಷ್ಟಾದ್ರೂ ಶ್ಯಾಮಣ್ಣನ ಮುಖದಲ್ಲಿ ಒಂದು ತರಹದ ಹೆಮ್ಮೆ ಮೂಡ್ತಾ ಇತ್ತು. "ಹಂಗಾದ್ರೆ ಬೋರ್ಡಿಗೆ ಇಂಟರ್‌ಸ್ಟೇಟ್ ಬೇಕರಿ ಅಂತ ಹಾಕ್ಬೌದಾ ಸಾರ್?" ಅಂದ. ಚಂದ್ರಲೇಖಾ ಕೈಲಿದ್ದ ಒದ್ದೆ ಬಟ್ಟೆ ಎತ್ತಿ ಅವನ ಮುಖಕ್ಕೆ ಎಸೆದಳು.

"ಹಳೇ ಅರ್ಜಿ ಬಿಟ್ಟಾಕಿ ಸಣ್ಣದೊಂದು ಅರ್ಜಿ ಹಾಕಿ, ಅದಕ್ಕೆ ನಕ್ಷೆ ಬೇಡ" ಅಂತ ಕುಮಾರೇಶ್ ಬಾಯ್ತಪ್ಪಿ ಹೇಳಿದ. ಆಗ ಅವಳಿಗೆ ಗೊತ್ತಾಯ್ತು, ಗಂಡ ದೊಡ್ಡದು ಒತ್ತಿಸಿದಾನೆ ಅಂತ. ಇನ್ನು ಸಣ್ಣದೂ ಹಾಕೋ ಹಂಗಿರಲಿಲ್ಲ. ಮೊದಲ ಅರ್ಜಿ ಮುಗಿಯೋವರೆಗೆ ಎರಡನೇದು ತಗೊಳಲ್ಲ, ಸರ್ವೇ ರಿಪೋರ್ಟು ಬರೋವರೆಗೆ ಮೊದಲನೇದು ಮುಗಿಯಲ್ಲ. ಫೋನಲ್ಲಿ ನಾನೇ ಮೂರು ಸಲ ನೋಡಿದೆ.

"ಹನ್ನೆರಡು ವರ್ಷ ಕಾದಿದೀನಿ" ಅಂದಳು ಚಂದ್ರಲೇಖಾ. "ಕಂಡೋರ ಓವನ್ ಮುಂದೆ ಬೆಂದಿದೀನಿ. ನಿಮ್ಮ ಒಂದು ದೊಡ್ಡಸ್ತಿಕೆಗೆ ನನ್ನ ಓವನ್ನ ಬ್ಯಾರೆ ರಾಜ್ಯಕ್ಕೆ ಕಳಿಸ್ಬುಟ್ರಲ್ಲಾ!" ಶ್ಯಾಮಣ್ಣ ಮುಖದ ಮೇಲಿನ ಬಟ್ಟೆ ತೆಗೀಲೇ ಇಲ್ಲ.

ಸಂಜೆಯೊಳಗೆ ಸುದ್ದಿ ಊರೆಲ್ಲಾ ಹಬ್ಬಿತು. ಗಡಿಕಲ್ಲು ಶೆಡ್ಡಲ್ಲಿದ್ದರೆ ಗಡಿಗೆರೆನೂ ಅಲ್ಲೇ ಅಲ್ಲವಾ? ಹಗ್ಗ ಹಿಡಿದು ನೋಡಿದರೆ ಪೂರ್ವದ ಬೀದಿಯ ಆರು ಮನೆ ಪೂರ್ತಿ ಕರ್ನಾಟಕಕ್ಕೆ ಹೋದವು. ಪಕ್ಕದ ಮನೆ ಮಂಗಮ್ಮನದಂತೂ ಅಡುಗೆಮನೆ ತಮಿಳುನಾಡಲ್ಲಿ, ನಡುಮನೆ ಕರ್ನಾಟಕದಲ್ಲಿ. ಅವಳು ಸೊಂಟಕ್ಕೆ ಸೆರಗು ಬಿಗಿದು ಬಂದಳು.

"ಲೇ ಶ್ಯಾಮ! ನಂಗೆ ಪೊಂಗಲ್ಗೆ ಸರ್ಕಾರದ ಅಕ್ಕಿ ಕಬ್ಬು ಇನ್ನ ಯಾರ್ಲಾ ಕೊಡ್ತಾರೆ?"

"ಆ ಕಡೆನೂ ಅಕ್ಕಿ ಕೊಡ್ತಾರೆ ಕಣಕ್ಕಾ" ಅಂದ ಶ್ಯಾಮಣ್ಣ.

"ಕಬ್ಬು?"

ಶ್ಯಾಮಣ್ಣ ನನ್ನ ಮುಖ ನೋಡಿದ. ಹೆಂಗಸರಿಗೆ ಬಸ್ಸು ಎರಡು ಕಡೆನೂ ಫ್ರೀ ಅಂತ ಸಮಾಧಾನ ಹೇಳಿದೆ. "ಬಸ್ಸಲ್ಲಿ ಕೂತ್ಕೊಂಡು ಕಬ್ಬು ಅಗಿಯಾಕಾಯ್ತದಾ?" ಅಂತ ನನಗೂ ಬಿತ್ತು. ಇನ್ನೊಬ್ಬ ಮುದುಕ ಮೆಲ್ಲಗೆ ಪಕ್ಕಕ್ಕೆ ಕರೆದು, ಹಿಂಗಾದ್ರೆ ಎರಡು ಕಡೆನೂ ವೃದ್ಧಾಪ್ಯ ಪಿಂಚಣಿ ಬತ್ತದಾ ಅಂತ ಕೇಳಿದ. ಇಂಥೋರಿಂದಲೇ ನನಗೆ ಮನುಷ್ಯರ ಮೇಲೆ ನಂಬಿಕೆ ಉಳಿದಿರೋದು.

ಮಾರನೇ ದಿನ ಶ್ಯಾಮಣ್ಣ ತಲೆ ಓಡಿಸಿದ. ಓವನ್ನು ಕರ್ನಾಟಕದಲ್ಲಿದ್ರೆ ಓವನ್ನಿಗೆ ಮಾತ್ರ ಕರ್ನಾಟಕದ ಲೈಸೆನ್ಸು ತಗೊಂಡ್ರಾಯ್ತು! ಗಡಿ ದಾಟಿ ಹೋಗಿ ಆ ಕಡೆಯ ಗ್ರಾಮ ಲೆಕ್ಕಿಗ ಹನುಮಯ್ಯನವರನ್ನು ಕರ್ಕೊಂಡು ಬಂದ. ಹನುಮಯ್ಯನವರಿಗೆ ನಿವೃತ್ತಿಗೆ ಇನ್ನು ಎಂಟು ತಿಂಗಳು. ಯಾವ ಕಾಗದ ಕಂಡರೂ ಹಾವು ಕಂಡಂಗೆ ಹಿಂದೆ ಸರಿಯೋರು. ಶುಕ್ರವಾರ ಶೆಡ್ಡಲ್ಲಿ ಎರಡು ರಾಜ್ಯದ ಇಬ್ಬರು ಅಧಿಕಾರಿಗಳು ಮುನೇಶ್ವರನ ಎರಡೂ ಕಡೆ ನಿಂತರು. ಊರು ಕಿಟಕಿಯಲ್ಲಿ ನಿಂತಿತು.

"ವಾಂಗ ಸಾರ್, ಈ ಓವನ್ ನಿಮ್ಮದು, ತಗೊಳ್ಳಿ" ಅಂದ ಕುಮಾರೇಶ್.

"ಅಯ್ಯಯ್ಯೋ, ನಮಗ್ಯಾಕೆ? ನಿಮ್ಮ ಜನ ಕಟ್ಟಿರೋದು, ನೀವೇ ಇಟ್ಕೊಳ್ಳಿ" ಅಂದರು ಹನುಮಯ್ಯ.

"ಜಾಗ ನಿಮ್ಮದು ಸಾರ್."

"ಹೊಗೆ ನಿಮ್ಮ ಕಡೆ ಹೋಗ್ತಿದೆಯಲ್ರೀ!"

ರಾಜ್ಯ ರಾಜ್ಯಗಳು ಒಂದು ಗೇಣು ನೆಲಕ್ಕೆ, ಒಂದು ಬಿಂದಿಗೆ ನೀರಿಗೆ ಹೊಡೆದಾಡ್ತವೆ ಅಂತ ಪೇಪರಲ್ಲಿ ಓದಿದ್ದೆ. ನಮ್ಮ ಚಂದ್ರಲೇಖಾಳ ಓವನ್ನು ಮಾತ್ರ ಯಾರಿಗೂ ಬೇಡ. ಕಾರಣ ಆಮೇಲೆ ಗೊತ್ತಾಯ್ತು. ಗಡಿ ಬದಲಾಯ್ತು ಅಂತ ಒಬ್ಬ ಬರೆದರೆ ಫೈಲು ಚೆನ್ನೈಗೂ ಹೋಗಬೇಕು, ಬೆಂಗಳೂರಿಗೂ ಹೋಗಬೇಕು. ಆ ಫೈಲು ಹೊತ್ತವನಿಗೆ ಸಾಯೋವರೆಗೂ ಮುಕ್ತಿ ಇಲ್ಲ.

ಹನುಮಯ್ಯ ಒಂದು ದಾರಿ ಹುಡುಕಿದರು. "ಈ ಕಲ್ಲು ಮೊದಲಿಂದಾನೂ ಇಲ್ಲೇ ಇತ್ತೇನ್ರಪ್ಪಾ?"

"ಇಲ್ಲ ಸಾರ್!" ಕಿಟಕಿಯಿಂದ ಊರೇ ಕೂಗಿತು. "ಮೊದ್ಲು ಹುಣಸೆಮರದ ಬಯಲಲ್ಲಿ ಇದ್ದ. ಹನ್ನೊಂದು ವರ್ಷದ ಹಿಂದೆ ತಾನೇ ನಡ್ಕೊಂಡು ಬಂದ!"

ಕುಮಾರೇಶ್ ಪೆನ್ನು ಎತ್ತಿದವನು ಹಂಗೇ ನಿಂತ. "ಕಲ್ಲು ನಡೆದು ಬಂತು ಅಂತ ರಿಪೋರ್ಟಲ್ಲಿ ಬರೆದ್ರೆ ನನ್ನನ್ನೇ ಮನೆಗೆ ನಡೆಸಿಬಿಡ್ತಾರೆ. ಯಾರಾದ್ರೂ ಎತ್ಕೊಂಡು ಬಂದಿದ್ರೆ ಹೇಳಿಬಿಡಿ. ಹಳೇ ಜಾಗಾನೇ ಗಡಿ ಅಂತ ಬರೀತೀನಿ, ಓವನ್ ಉಳಿಯುತ್ತೆ."

"ಉಳಿಯುತ್ತೆ, ಆದ್ರೆ ಗಡಿಕಲ್ಲು ಕಿತ್ತೋರ ಮೇಲೆ ಕೇಸು ಆಗುತ್ತೆ. ಅದನ್ನೂ ಹೇಳಿ" ಅಂದರು ಹನುಮಯ್ಯ.

ನಾರಾಯಣಮ್ಮ ನೆಲ ನೋಡಿದಳು. ಚಂದ್ರಲೇಖಾ ಓವನ್ ಬಾಗಿಲು ತೆಗೆದು ಒಳಗೆ ಇಲ್ಲದ ಬನ್ನು ತಿರುವಿ ಹಾಕತೊಡಗಿದಳು. ನಾನು ಅದನ್ನು ಭಕ್ತಿ ಅಂದುಕೊಂಡೆ.

ಆಗ ಶ್ಯಾಮಣ್ಣ ಎದೆ ತಟ್ಕೊಂಡು ಮುಂದೆ ಬಂದ. "ಏನ್ ಸಾರ್ ಮಾತು! ನಮ್ಮವ್ವ ಸುಳ್ಳು ಹೇಳ್ತಾಳಾ? ಬರ್ಕೊಳ್ಳಿ! ಸ್ವಾಮಿ ತಾನೇ ನಡ್ಕೊಂಡು ಬಂದ. ಯಾವ ನರಮನುಷ್ಯನೂ ಮುಟ್ಟಿಲ್ಲ. ಊರೆಲ್ಲಾ ಸಹಿ ಹಾಕ್ತದೆ, ಮಹಜರು ಮಾಡಿ!" ಒಲೆ ಹತ್ರ ನಿಂತಿದ್ದ ಚಂದ್ರಲೇಖಾ "ಥೂ, ಇವರ ಬಾಯಿಗಿಷ್ಟು" ಅಂತ ಗೊಣಗಿದ್ದು ನನಗೆ ಮಾತ್ರ ಕೇಳಿಸ್ತು. ನಲವತ್ತೆರಡು ಸಹಿ, ಹೆಬ್ಬೆಟ್ಟು ಬಿದ್ದವು. ಟೈಪು ಮಾಡಿದವನು ನಾನೇ, ಐದು ಪ್ರತಿ.

ಕುಮಾರೇಶ್ ಮಹಜರು ಓದಿ ಮಡಿಸಿ ಜೇಬಲ್ಲಿಟ್ಟ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ. "ಸೋಮವಾರ ಬೆಳಿಗ್ಗೆ ಬತ್ತೀನಿ. ಅವತ್ತು ಕಲ್ಲು ಎಲ್ಲಿ ಕಾಣುತ್ತೋ ಅಲ್ಲೇ ಗಡಿ. ಕಾಲು ಇರೋ ಸಾಮಿ ಅಂತೀರಾ. ನೋಡೋಣ." ಹನುಮಯ್ಯನವರು ಬೇಗ ಬೇಗ ತಲೆ ಆಡಿಸಿದರು. ಗುರುವಾರ ಒಂದನೇ ತಾರೀಖು.

ಅವತ್ತು ಸಂಜೆ ಶ್ಯಾಮಣ್ಣ ನನ್ನ ಅಂಗಡಿಗೆ ಬಂದ. ಕಣ್ಣು ಕೆಂಪಗಿತ್ತು. ಹೆಂಡತಿ ಎರಡು ದಿನದಿಂದ ಮಾತಾಡಿರಲಿಲ್ಲವಂತೆ. "ರಾಮಮೂರ್ತಿ, ಅವಳ ಮುಖ ನೋಡೋಕಾಯ್ತಿಲ್ಲ ಕಣ್ಲಾ. ನನ್ನ ತಪ್ಪಿಗೆ ಅವಳು ಯಾಕೆ ಸಾಯ್ಬೇಕು? ಒಂದು ಅರ್ಜಿ ಟೈಪ್ ಮಾಡು."

"ಯಾರಿಗೆ ಅಣ್ಣಾ? ಕಲೆಕ್ಟರಿಗಾ?"

"ಅದಕ್ಕೂ ಮೇಲೆ. ಮುನೇಶ್ವರಸ್ವಾಮಿಗೆ."

ನಾನು ನಗಲಿಲ್ಲ. ಗಿರಾಕಿ ಎದುರು ನಗೋದು ನಮ್ಮ ವೃತ್ತಿಧರ್ಮ ಅಲ್ಲ. ಟೈಪು ಮಾಡಿದೆ. "ಮಾನ್ಯ ಶ್ರೀ ಮುನೇಶ್ವರಸ್ವಾಮಿಯವರ ಸನ್ನಿಧಾನಕ್ಕೆ. ವಿಷಯ: ತಾವು ತಮ್ಮ ಪೂರ್ವದ ಸ್ಥಳಕ್ಕೆ ಮರಳಿ ದಯಮಾಡಿಸುವ ಬಗ್ಗೆ. ಉಲ್ಲೇಖ: ಹನ್ನೊಂದು ವರ್ಷದ ಹಿಂದೆ ತಾವು ಸ್ವಂತ ಇಚ್ಛೆಯಿಂದ ನಡೆದು ಬಂದದ್ದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಹೆಂಡತಿಯ ಓವನ್ನು ತಮ್ಮ ಎಡಭಾಗಕ್ಕೆ ಬಂದಿರುವ ಕಾರಣ..." ಲಗತ್ತು: ಆಧಾರ್ ಪ್ರತಿ, ನಕ್ಷೆ ಪ್ರತಿ, ಮಹಜರು ಪ್ರತಿ, ಡಾಕ್ಟರ ಸರ್ಟಿಫಿಕೇಟು.

"ಡಾಕ್ಟರದ್ಯಾಕೆ ಅಣ್ಣಾ?"

"ಇರ್ಲಿ ಬಿಡ್ಲಾ. ಯಾವ ಆಫೀಸಲ್ಲಿ ಏನು ಕೇಳ್ತಾರೋ ಯಾರಿಗ್ಗೊತ್ತು?"

ಭಾನುವಾರ ಸಾಯಂಕಾಲ ಸ್ವಾಮಿ ಮುಂದೆ ನಿಂತು ಗಟ್ಟಿಯಾಗಿ ಓದಿದ. ಓದ್ತಾ ಓದ್ತಾ "ನನ್ನ ಹೆಂಡತಿ" ಅನ್ನೋ ಕಡೆ ಬಂದಾಗ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಎರಡನೇ ಪ್ರತಿ ಮುಂದಿಟ್ಟು, ಸ್ವಾಮಿ ಹಣೆಯ ಕುಂಕುಮವನ್ನು ಹೆಬ್ಬೆಟ್ಟಿನಿಂದ ಒತ್ತಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ. ಬಾಗಿಲಲ್ಲಿ ಅತ್ತೆ ಸೊಸೆ ನಿಂತು ನೋಡ್ತಿದ್ದರು. ಚಂದ್ರಲೇಖಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುವಿಗೋ ಅಳುವಿಗೋ ಹೇಳೋಕೆ ನನ್ನ ಕೈಲಾಗಲ್ಲ. "ಬನ್ನಿ, ಮುದ್ದೆ ಆರೋಯ್ತದೆ" ಅಂದಳು. ನಾಲ್ಕು ದಿನದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

ಸೋಮವಾರ ಬೆಳಿಗ್ಗೆ ಶೆಡ್ಡಲ್ಲಿ ಸ್ವಾಮಿ ಇಲ್ಲ. ಕೂತಿದ್ದ ಜಾಗದಲ್ಲಿ ಒಂದು ಗುಂಡಿ, ಗುಂಡಿ ಪಕ್ಕ ಒಂದು ಚೆಂಡುಹೂವು.

"ಹೋಗ್ಬುಟ್ಟ! ಸ್ವಾಮಿ ಹೋಗ್ಬುಟ್ಟ!" ಶ್ಯಾಮಣ್ಣ ಬೀದಿಯಲ್ಲಿ ಓಡಿದ, ಪಂಚೆ ಒಂದು ಕಡೆ, ಟವೆಲ್ಲು ಒಂದು ಕಡೆ. ಊರು ಹುಣಸೆಮರದ ಬಯಲಿಗೆ ನುಗ್ಗಿತು. ಮರದಿಂದಾಚೆ ಸ್ವಾಮಿ ನೆಟ್ಟಗೆ ನಿಂತಿದಾನೆ, ಹೊಸ ಅರಿಶಿನ, ಹೊಸ ಕುಂಕುಮ. "ಅರ್ಜಿ ಕೊಟ್ಟು ಹನ್ನೆರಡು ಗಂಟೆ ಆಗಿಲ್ಲ! ಆರ್ಡರ್ ಪಾಸ್ ಮಾಡವ್ನೆ!" ಅಂತ ಶ್ಯಾಮಣ್ಣ ಸ್ವೀಕೃತಿ ಪ್ರತಿ ಎತ್ತಿ ಎಲ್ಲರಿಗೂ ತೋರಿಸಿದ. ಅವನ ಕಣ್ಣಲ್ಲಿ ನೀರು ಧಾರಾಕಾರ. ಮಂಗಮ್ಮ ತನ್ನ ನಡುಮನೆ ತಮಿಳುನಾಡಿಗೆ ವಾಪಸ್ ಬಂದ ಖುಷಿಗೆ ಹತ್ತು ಕಾಯಿ ಒಡೆದಳು. ನಾರಾಯಣಮ್ಮ ಬರಲಿಲ್ಲ, ಮೈ ನೋವು ಅಂತ ಮಲಗಿದ್ದಳು.

ಕುಮಾರೇಶ್ ಬಂದ, ಕಲ್ಲು ನೋಡಿದ, ಸುತ್ತಲಿನ ಮಣ್ಣು ನೋಡಿದ. ಕಲ್ಲಿನ ಬೆನ್ನಿಗೆ ಮೈದಾ ಹಿಟ್ಟು ಮೆತ್ತಿತ್ತು. ಕರ್ಚೀಫು ತೆಗೆದು ಅದನ್ನು ಶ್ರದ್ಧೆಯಿಂದ ಒರೆಸಿದ, ಒರೆಸಿ ಕೈ ಮುಗಿದ. ರಿಪೋರ್ಟಲ್ಲಿ ಒಂದೇ ಸಾಲು: ಮೂವತ್ತೊಂದನೇ ಕಲ್ಲು ಹುಣಸೆಮರದ ಬಯಲಿನಲ್ಲಿ ಕಂಡುಬಂದಿದೆ, ಶೆಡ್ಡು ತಮಿಳುನಾಡಿನಲ್ಲಿದೆ. ಬುಧವಾರ ಮಧ್ಯಾಹ್ನ ನನ್ನ ಪ್ರಿಂಟರಿಂದಲೇ ಲೈಸೆನ್ಸು ಬಂತು. ಚಂದ್ರಲೇಖಾ ಆ ಕಾಗದವನ್ನು ಎರಡೂ ಕೈಲಿ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು. ಗುರುವಾರ ಬೆಳಿಗ್ಗೆ ನಾನೂರು ಬನ್ನು ಹೊಸೂರಿಗೆ ಹೋದವು, ಮುಂದಿನ ವಾರಕ್ಕೆ ಕ್ಯಾಂಟೀನಿನವರು ಎಂಟುನೂರು ಬೇಕು ಅಂದರು.

ಅಲ್ಲಿಗೆ ಮುಗೀಬೇಕಿತ್ತು. ಲೈಸೆನ್ಸು ಬಂದ ಹನ್ನೆರಡನೇ ದಿನ ಹನುಮಯ್ಯನವರು ಓಡೋಡಿ ಬಂದರು. ನಾನು ಆಗ ಶೆಡ್ಡಲ್ಲೇ ಕೂತು ಬಿಸಿ ಬನ್ನು ತಿಂತಿದ್ದೆ.

"ಅಮ್ಮಾ ನಾರಾಯಣಮ್ಮ, ಮಾನ ಉಳಿಸ್ಬೇಕು" ಅಂತ ಕೈ ಜೋಡಿಸಿದರು. "ನಿಮ್ಮ ಸ್ವಾಮಿ ಸ್ವಲ್ಪ ಜಾಸ್ತಿ ನಡೆದುಬಿಟ್ಟಿದಾನೆ. ಹುಣಸೆಮರದ ಈ ಕಡೆ ಇರಬೇಕಾದವನು ಆ ಕಡೆ ನಲವತ್ತು ಅಡಿ ಹೋಗಿದಾನೆ. ಮರ ತಮಿಳುನಾಡಿಗೆ ಬಂದುಬಿಡ್ತು! ನಮ್ಮ ಪಂಚಾಯ್ತಿ ಹುಣಸೆಹಣ್ಣು ಹರಾಜು ಮುಂದಿನ ವಾರ. ಮರ ಎಲ್ಲಿ ಅಂದ್ರೆ ನಾನು ಏನು ಹೇಳಲಿ? ಒಂದು ನಲವತ್ತು ಅಡಿ ಹಿಂದಕ್ಕೆ ಬರೋಕೆ ಸ್ವಾಮಿಗೆ ಹೇಳಿ."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್" ಅಂತ ಶ್ಯಾಮಣ್ಣ ಕಿವಿಯಿಂದ ಪೆನ್ನು ತೆಗೆದ. "ಎರಡು ಪ್ರತಿ ಅರ್ಜಿ ಕೊಡಿ. ನಾನು ಫಾರ್ವರ್ಡ್ ಮಾಡ್ತೀನಿ."

ನಾರಾಯಣಮ್ಮ ಸೊಸೆ ಕಡೆ ನೋಡಿದಳು. ಚಂದ್ರಲೇಖಾ ಮೊಳಕೈವರೆಗೂ ಹಿಟ್ಟಲ್ಲಿ ಮುಳುಗಿದ್ದಳು. ತಲೆ ಎತ್ತದೆ, ನಾದೋದು ನಿಲ್ಲಿಸದೆ, ಲೆಕ್ಕ ಹಾಕೋರ ತರ ಹೇಳಿದಳು. "ಈ ವಾರ ಆಗಾಕಿಲ್ಲ ಸಾರ್, ದಿನಾ ಎಂಟುನೂರು ಬನ್ ಐತೆ. ಅತ್ತೆಗೂ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಭಾನುವಾರ ಆದ್ರೆ ನೋಡಾನ."

ಹನುಮಯ್ಯನವರು ನನ್ನ ಮುಖ ನೋಡಿದರು. ನಾನು ಉಳಿದ ಬನ್ನನ್ನು ಪೂರ್ತಿ ಬಾಯಿಗೆ ತುರುಕಿಕೊಂಡು ಶೆಡ್ಡಿನ ತಗಡು ನೋಡಿದೆ.

"ಲೇ ಇವಳೇ, ಭಾನುವಾರ ಹೆಂಗಾಯ್ತದೆ?" ಅಂದ ಶ್ಯಾಮಣ್ಣ, ಹೆಂಡತಿಯ ಅಜ್ಞಾನಕ್ಕೆ ಮರುಗುತ್ತಾ. "ಸರ್ಕಾರಿ ರಜಾ ಕಣೇ. ಸ್ವಾಮಿ ಕೆಲಸ ಮಾಡ್ತಾನಾ?"